ಘಾಸ

ಹೌಸಾಬಾಯಿ ಹೇಳಿದ್ದು ಇಷ್ಟೇ:
ಕಣ್ಣು ಮಂಜಾಗಿದೆ, ಕೈ ನಡುಗುತ್ತದೆ,
ನಾನು ಹೇಳುತ್ತೇನೆ, ನೀನೇ ಹೊಲಿ.

ಗೋಧಡಿ ಮಾಡಿಸಲು ಹೋದವನು ನಾನು.
ಬಗಲಲ್ಲಿ ಹನ್ನೊಂದು ನೀಲಿ ಅಂಗಿ,
ಭೋಸರಿಯ ಕಾರ್ಖಾನೆ ಕೊಟ್ಟದ್ದು,
ಬಾಗಿಲು ಹಾಕಿದ ಮೇಲೆ ವಾಪಸು ಕೇಳದೆ ಬಿಟ್ಟದ್ದು.
ಎಲ್ಲದರ ಎದೆಯ ಮೇಲೂ ಕೆಂಪು ದಾರದಲ್ಲಿ ‘ವೀರಸಿಂಗ್’.
ಇಂಡಿಯಿಂದ ಬಂದ ಈರಸಂಗಪ್ಪ
ಮೊದಲ ದಿನದ ರಿಜಿಸ್ಟರಿನಲ್ಲೇ ರಜಪೂತನಾಗಿದ್ದ.

ದಾಪೋಡಿಯ ಓಣಿಯಲ್ಲಿ, ರೈಲುಹಳಿಯ ಗೋಡೆಗೆ ಒರಗಿದ
ಅವಳ ಮನೆಯ ನೆಲದ ಮೇಲೆ ಹಾಸಿದೆವು:
ಕೆಳಗೆ ಅವಳದೇ ಹಳೆಯ ನೌವಾರಿ, ನಡುವೆ ಹರಿದ ಚಾದರ,
ಮೇಲೆ ನನ್ನ ಬೆನ್ನುಗಳು, ನನ್ನ ತೋಳುಗಳು.
ಮೂರು ಮೂಲೆಗೆ ಕಲ್ಲು,
ನಾಲ್ಕನೆಯದಕ್ಕೆ ತುಂಬಿದ ಕೊಡ.

ಸೂಜಿಗೆ ದಾರ ಪೋಣಿಸಲು ಹದಿನೆಂಟು ನಿಮಿಷ.
ತುದಿಯನ್ನು ನೆಕ್ಕಿದೆ, ಹೊಸೆದೆ, ಬೈದೆ.
ಮೂವತ್ತೊಂದು ವರ್ಷ
ಕೂದಲೆಳೆಯಷ್ಟು ಹೆಚ್ಚಾದರೂ ರಿಜೆಕ್ಟ್ ಎಂದ ಕಣ್ಣು ಇದು.
ಸೂಜಿಯ ಕಣ್ಣು ಅದನ್ನು ನೋಡಿ
ಗುರುತಿಲ್ಲದವರ ಹಾಗೆ ಕೂತಿತ್ತು.

ಮತ್ತೆ ಪೋಣಿಸುವ ಕಷ್ಟ ಬೇಡವೆಂದು ಉದ್ದ ಎಳೆದುಕೊಂಡೆ.
ತನಗೆ ತಾನೇ ಗಂಟು ಬಿತ್ತು.
‘ಸೋಮಾರಿಯ ದಾರ ಲೋಣಾವಳಾ ಮುಟ್ಟುತ್ತದೆ’
ಅಂದಳು, ಮೊಳಕ್ಕೆ ಕತ್ತರಿಸಿ ಕೊಟ್ಟಳು.

ಮೊದಲ ಸಾಲು:
ಒಂದು ಹೊಲಿಗೆ ಅಕ್ಕಿಕಾಳು, ಇನ್ನೊಂದು ಹುಣಸೆಬೀಜ,
ಮೂರನೆಯದು ತಳದ ಸೀರೆಯನ್ನು ಮುಟ್ಟಲೇ ಇಲ್ಲ,
ನಾಲ್ಕನೆಯದು ನನ್ನ ಪ್ಯಾಂಟನ್ನೂ ಸೇರಿಸಿ ಹಿಡಿದಿತ್ತು.
ಎದ್ದರೆ ಗೋಧಡಿಯೂ ಎದ್ದಿತು.

ಮರುದಿನ ಹಳೆಯ ವರ್ನಿಯರ್ ಒಯ್ದು ಅಳೆದೆ.
ಆರು. ಒಂಬತ್ತು. ನಾಲ್ಕೂವರೆ.
ಬಿಚ್ಚಿಬಿಟ್ಟೆ ಎಲ್ಲವನ್ನೂ.
ಹೌಸಾಬಾಯಿ ತೂತುಗಳ ಮೇಲೆ ಬೆರಳಾಡಿಸಿದಳು.
ಆ ದಿನ ಚಹಾ ಕೊಡಲಿಲ್ಲ.
ಹೊರಡುವಾಗ ಅಂದಳು:
ಬಿಚ್ಚಿದರೆ ಬಟ್ಟೆಗೆ ಎರಡು ಸಲ ನೋವು.
ಆ ಉಕ್ಕಿನ ಇಕ್ಕಳ ಇನ್ನೊಮ್ಮೆ ತಂದರೆ
ಅದರಲ್ಲೇ ನಿನ್ನ ಕಿವಿ ಹಿಡಿಯುತ್ತೇನೆ.

ದಾರಿಯಲ್ಲಿ ನೆನಪಾಯಿತು
ಬೂಟಿನ ತುದಿಯಿಂದ ನಾನು ಕೆಂಪು ಡಬ್ಬಿಗೆ ತಳ್ಳಿದ ಬುಷ್‌ಗಳು,
ಡಬ್ಬಿಯ ಪಕ್ಕ ಕೈಕಟ್ಟಿ ನಿಂತಿದ್ದ ಹೊಸ ಹುಡುಗ,
ನಾಸಿಕದ ಕಡೆಯವ.
ಹೆಸರು ಕೇಳಲಿಲ್ಲ.

ಒಂದು ಜೇಬನ್ನು ಬಿಚ್ಚದೆ ಹಾಗೇ ಉಳಿಸಿದೆ.
ಒಳಗೆ ಬೆರಳಿಟ್ಟರೆ ಉಕ್ಕಿನ ಸುರುಳಿ ಚೂರು,
ಲೇತಿನಿಂದ ಹಾರಿದ್ದು, ಇನ್ನೂ ಹರಿತ.
ಹನ್ನೆರಡನೆಯ ಗಾಯ ಅದರದು.
ಉಳಿದವೆಲ್ಲ ಸೂಜಿಯವು.

ಲೋಕಲ್ ಹೋದಾಗಲೆಲ್ಲ ಅಲ್ಲಿ ನೆಲ ಅದುರುತ್ತದೆ.
ಹೌಸಾಬಾಯಿ ಸಾಲಿನ ಮೇಲೆ ಹೆಬ್ಬೆರಳು ಜಾರಿಸಿ
ಸೊಟ್ಟ ಸಿಕ್ಕಲ್ಲಿ ನಿಲ್ಲುತ್ತಾಳೆ:
ಇದು ನಾಲ್ಕೂ ಇಪ್ಪತ್ತರದು.
ಇದು ತಡವಾಗಿ ಬಂದ ಆರರದು.
ಇದು ರೈಲಲ್ಲ, ನೀನೇ.

ಅಂಚಿನಿಂದ ಸುತ್ತಿ ಸುತ್ತಿ ಒಳಗೆ ಬರಬೇಕು.
ದೀಪಾವಳಿ ಒಂದು ಸುತ್ತಿನಲ್ಲಿ ಕಳೆಯಿತು,
ಸಂಕ್ರಾಂತಿಯ ಎಳ್ಳುಬೆಲ್ಲದ ಅಂಟು ಒಂದು ಸಾಲಿನಲ್ಲಿ ಉಳಿಯಿತು.
ನಡುವನ್ನು ಮುಟ್ಟುವ ಹೊತ್ತಿಗೆ ಹೊಲಿಗೆಗಳು
ಒಂದರ ಮುಖ ಒಂದು ಹೋಲತೊಡಗಿದ್ದವು,
ಒಡಹುಟ್ಟಿದವರ ಹಾಗಲ್ಲ, ದಾಯಾದಿಗಳಷ್ಟು.

ಕೊನೆಯ ಮೂಲೆ ಮುಚ್ಚುವ ಮುಂಚೆ
‘ಘಾಸ ದೇ’ ಅಂದಳು.
ನನ್ನ ಕನ್ನಡದ ಕಿವಿಗೆ ಘಾಸಿ ಎಂದೇ ಕೇಳಿಸಿತು.
ಬೆರಳು ಚಾಚಿದೆ: ಆಗಿದೆಯಲ್ಲ ಬಾಯಿ, ಬೇಕಾದಷ್ಟು.
ಅವಳು ನಗುತ್ತ ಐದೂ ಬೆರಳು ಕೂಡಿಸಿ
ತನ್ನ ಬೊಚ್ಚುಬಾಯಿಗೆ ಒಯ್ದು ತೋರಿಸಿದಳು.
ತುತ್ತು!
ಹಸಿದ ಗೋಧಡಿ ಹೊದ್ದವರ ನಿದ್ದೆ ತಿನ್ನುತ್ತದಂತೆ.
ಜೋಳದ ರೊಟ್ಟಿಯ ಚೂರೊಂದನ್ನು,
ಅದೂ ಇಲ್ಲಿಗೆ ಬಂದು ಭಾಕರಿಯಾದದ್ದು,
ಮೂಲೆಯಲ್ಲಿಟ್ಟು ಮುಚ್ಚಿದೆ.

ನಿನ್ನೆ ರಾತ್ರಿ ಹೊದ್ದೆ.
ಬೆಳಿಗ್ಗೆ ನೋಡಿದರೆ, ಕಿಟಕಿಯಿಂದ ಇಳಿದು
ನೀಲಿಯ ಮೇಲೇರಿ ಅದೇ ಮೂಲೆಗೆ
ಕಪ್ಪಿರುವೆಯ ಸಾಲು.
ಒಂದೇ ಅಂತರ, ಒಂದೇ ಅಳತೆ, ಎಲ್ಲೂ ಗಂಟಿಲ್ಲ.
ಬಗ್ಗಿ ಬಹಳ ಹೊತ್ತು ನೋಡಿದೆ.
ಪಾಸು ಅಂದೆ,
ಕಾಲು ಎಳೆದುಕೊಂಡೆ.